ಪೂರಾ ರೊಕ್ಕ, ಪಾವ್ ಬೆಳಕು

ದುಡ್ಡು ಕೊಟ್ಟು ತಂದದ್ದನ್ನು ಪೂರ್ತಿ ಬಳಸದೆ ಇಡುವವರನ್ನು ಕಂಡರೆ ನಮ್ಮ ಓಣಿಗೆ ಆಗಿಬರುವುದಿಲ್ಲ. ಫ್ಯಾನ್ ತಂದರೆ ಐದರ ಮೇಲೆಯೇ ತಿರುಗಬೇಕು. ಮಿಕ್ಸರ್ ತಂದರೆ ಮೂರನೇ ನಂಬರಿಗೆ ಹಾಕಿ ಪಕ್ಕದ ಮನೆಯ ಕೂಸು ಎದ್ದು ಕೂರುವಂತೆ ಮಾಡಬೇಕು. ಹೀಗಿರುವಾಗ ದಾಸವಾಳದ ಬೇಲಿಯ ಆಚೆ ಮನೆಯ ಹುಡುಗ ಸಾವಿರಗಟ್ಟಲೆ ಕೊಟ್ಟು ಮೀನಿನ ತೊಟ್ಟಿಗೊಂದು ಎಲ್‌ಇಡಿ ದೀಪ ತರಿಸಿ, ಅದನ್ನು ನೂರಕ್ಕೆ ಮೂವತ್ತರಷ್ಟೇ ಹಚ್ಚುತ್ತಾನೆ ಎಂದರೆ ಸುಮ್ಮನಿರುವುದು ಯಾರಿಂದ ಸಾಧ್ಯ? ಹಳಿಯಾಳದ ಚಾದಂಗಡಿಗಳಲ್ಲಿ ಇದಕ್ಕಿಂತ ಸಣ್ಣ ವಿಷಯಕ್ಕೆ ಅರ್ಧ ದಿನ ಕಳೆದದ್ದನ್ನು ನಾನು ನೋಡಿದ್ದೇನೆ.

ಪೂಜೆಗೆ ಹೂ ಕೊಯ್ಯುವ ನೆಪ ನನಗೆ ದಿನಾ ಇದ್ದೇ ಇರುತ್ತದೆ. ಬೇಲಿ ಮೇಲಿಂದ ಕೇಳಿಯೇ ಬಿಟ್ಟೆ.

"ಏನೋ ತಮ್ಮಾ, ಪೂರಾ ರೊಕ್ಕ ಕೊಟ್ಟು ಪಾವ್ ಬೆಳಕು ಹಚ್ಚೀಯಂತ?"

"ಪಾವ್ ಅಲ್ರಿ ಕಾಕಾ, ಮೂವತ್ತು. ಮುಂದಿನ ಆಯ್ತವಾರ ಮೂವತ್ತೈದು."

"ಒಂದ ಸಲಕ್ಕ ನೂರಕ್ಕ ಇಟ್ರ ಏನಾಗ್ತೈತಿ?"

"ಸುಟ್ಟು ಹೋಗ್ತಾವ್ರಿ."

"ಬಲ್ಬ್?"

"ಹವಳ."

ಇಲ್ಲಿಗೆ ನನ್ನ ಹೂವಿನ ಬುಟ್ಟಿ ಬೇಲಿಗೆ ಆತುಕೊಂಡಿತು, ನಾನೂ ಆತುಕೊಂಡೆ.

ಹುಡುಗ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು, ದಿನಾ ದಾಂಡೇಲಿಗೆ ಹೋಗಿಬರುವ ನೌಕರಿ. ಮನೆಯಲ್ಲಿ ಅರವತ್ತು ಲೀಟರಿನ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪು ನೀರು, ಎರಡು ಕ್ಲೌನ್ ಮೀನು, ಕಲ್ಲಿನ ಮೇಲೆ ಗುಂಡಿಯಷ್ಟಗಲದ ಹೂವಿನಂಥವು ಒಂದಿಷ್ಟು. ಸಂಜೆ ಕಿಟಕಿಯಿಂದ ನೀಲಿ ಬೆಳಕು ಓಣಿಗೆ ಬೀಳುವುದನ್ನು ನೋಡಿ, ಹುಡುಗ ಫೋಟೋ ಸ್ಟುಡಿಯೋ ತೆಗೆದನೆಂದು ಒಬ್ಬರು, ಬೇರೇನೋ ತೆಗೆದನೆಂದು ಇನ್ನೊಬ್ಬರು ಹೇಳಿದರು. ನನ್ನ ಹೆಂಡತಿ ಒಳಗೆ ಹೋಗಿ ನೋಡಿಬಂದು "ಸಮುದ್ರ ಐತ್ರಿ, ಸಣ್ಣದು" ಎಂದಳು.

ಘಟ್ಟದ ಮೇಲಿನ ಊರಿನಲ್ಲಿ ಸಮುದ್ರ ಇಟ್ಟುಕೊಳ್ಳುವುದು ತುಸು ದುಬಾರಿ ಚಟ. ಕಾರವಾರದಿಂದ ಎರಡು ಕ್ಯಾನ್ ನೀರು ತುಂಬಿಕೊಂಡು ಬಂದರಾಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ದಾಂಡೇಲಿ ಮಗ್ಗುಲಲ್ಲಿ ಹರಿಯುವ ನಮ್ಮ ಕಾಳಿ ನದಿಯೇ ಅಲ್ಲಿ ಸಮುದ್ರ ಸೇರುವುದು. ಮಳೆಗಾಲದಲ್ಲಿ ಅದು ಹೊತ್ತು ತರುವ ಸಿಹಿ ನೀರಿಗೆ ದಂಡೆಯ ಉಪ್ಪು ಇಳಿದುಬಿಡುತ್ತದೆ, ಮೇಲೆ ಕೆಸರು ಬೇರೆ. ಅದಕ್ಕೇ ಇವನು ಆರ್‌ಒ ನೀರಿಗೆ ಪೊಟ್ಟಣದ ಉಪ್ಪು ಬೆರೆಸುತ್ತಾನೆ, ಲೀಟರಿಗೆ ಸುಮಾರು 35 ಗ್ರಾಂ. ನೀರು ಆವಿಯಾದಷ್ಟು ಬರೀ ಸಿಹಿ ನೀರು ಸುರಿಯುತ್ತಾನೆ, ಉಪ್ಪು ಹಾರಿಹೋಗುವುದಿಲ್ಲವಲ್ಲ.

"ನಮ್ಮ ಜಿಲ್ಲಾದಾಗ ನೇತ್ರಾಣಿ ನಡುಗಡ್ಡಿ ಐತಿ. ಅಲ್ಲಿಂದ ಒಂದು ತುಂಡು ಹವಳ ತಂದಿದ್ರ ಆಗ್ತಿತ್ತಲ್ಲೋ."

ಹುಡುಗ ಆಚೆ ಈಚೆ ನೋಡಿದ. "ಕಾಕಾ, ಜೋರಾಗಿ ಅನಬ್ಯಾಡ್ರಿ."

ಮುರ್ಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರಿನಷ್ಟು ದೂರ ಸಮುದ್ರದಲ್ಲಿರುವ ನೇತ್ರಾಣಿಯ ಸುತ್ತ ಹವಳ ಇರುವುದು ನಿಜ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಜನ ಮುಳುಗಿ ನೋಡಿಬರುವುದೂ ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳನ್ನೆಲ್ಲ ಸೇರಿಸಿದ್ದಾರೆ, ಸಮುದ್ರ ಬೀಸಣಿಗೆಗಳನ್ನೂ ಸೇರಿಸಿದ್ದಾರೆ. ಅಂದರೆ ಕಾನೂನಿನ ಲೆಕ್ಕದಲ್ಲಿ ಹುಲಿಯೂ ಹವಳವೂ ಒಂದೇ ಪಟ್ಟಿಯಲ್ಲಿವೆ. ಆ ಪಟ್ಟಿಯ ಪ್ರಾಣಿಗೆ ಕೈ ಹಾಕಿದರೆ ಕನಿಷ್ಠ 3 ವರ್ಷ ಜೈಲು. ಕಾಳಿ ಹುಲಿ ಮೀಸಲಿನ ಅಂಚಿನಲ್ಲಿ ಬಾಳುವ ನಮಗೆ ಹುಲಿಯ ಮಾತು ತಿಳಿಯುತ್ತದೆ, ಕಲ್ಲಿನಂತೆ ಕೂತ ಹವಳದ್ದು ತಿಳಿಯುವುದಿಲ್ಲ. ಇವನ ತೊಟ್ಟಿಯಲ್ಲಿರುವುದು ಗಟ್ಟಿ ಹವಳವಲ್ಲ, ಜೊವಾಂಥಿಡ್ ಎಂಬ ಮೆತ್ತನೆಯ ಜಾತಿ, ಹವಳದ ದಾಯಾದಿ. ಆದರೂ ಬೆಳಕಿನ ವಿಷಯದಲ್ಲಿ ಎರಡರ ಸ್ವಭಾವವೂ ಒಂದೇ.

ಆ ಸ್ವಭಾವ ಏನೆಂದರೆ, ಅವು ಅಡುಗೆ ಮಾಡಿಕೊಳ್ಳುವುದಿಲ್ಲ, ಮಾಡಿಸಿಕೊಳ್ಳುತ್ತವೆ. ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿದೆ, ಝೂಝಾಂಥೆಲ್ಲೆ ಅಂತ ಅದರ ಹೆಸರು. ಬೆಳಕು ಹಿಡಿದು ಸಕ್ಕರೆ ಮಾಡಿ ಮನೆಮಾಲೀಕನಿಗೆ ಕೊಡುವುದು ಅದರ ಕೆಲಸ. ಕೆಲವು ಹವಳಗಳಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರವರೆಗೂ ಈ ಬಾಡಿಗೆಯಿಂದಲೇ ಬರುತ್ತದೆ. ಬೆಳಕು ಕಡಿಮೆಯಿದ್ದಲ್ಲಿ ಸಿಕ್ಕಷ್ಟನ್ನೂ ಬಾಚಲು ಪಾಚಿಯ ಸಂಖ್ಯೆ, ಅದರೊಳಗಿನ ಬಣ್ಣ ಎರಡೂ ಹೆಚ್ಚುತ್ತವೆ. ಹವಳ ಕಂದು ತಿರುಗುತ್ತದೆ. ಇವನ ಹಳೆಯ ಟ್ಯೂಬಿನ ಕೆಳಗೆ ಆದದ್ದು ಅದೇ. ಜೊವಾಂಥಿಡ್‌ಗಳು ಕಂದಾಗಿ, ಕುತ್ತಿಗೆ ಉದ್ದ ಮಾಡಿ ಬೆಳಕಿನ ಕಡೆ ಎಳೆದುಕೊಂಡು ನಿಂತಿದ್ದವು.

ಹಾಗೆ ಕತ್ತಲೆಗೆ ಹೊಂದಿಕೊಂಡ ಜೀವಕ್ಕೆ ಒಮ್ಮೆಲೇ ಝಗ್ಗನೆ ಬೆಳಕು ಹಾಕಿದರೆ ಪಾಚಿಗೆ ಅರಗಿಸಿಕೊಳ್ಳಲಾಗುವುದಿಲ್ಲ. ಮಿಕ್ಕ ಬೆಳಕು ಅದರೊಳಗೆ ಆಮ್ಲಜನಕದ ವಿಷವಾಗಿ ತಿರುಗುತ್ತದೆ. ಆಗ ಹವಳವೇ ಬಾಡಿಗೆದಾರನನ್ನು ಹೊರಗೆ ಹಾಕುತ್ತದೆ. ಬಣ್ಣ ಹೋಗಿ ಮೈ ಬಿಳಚಿಕೊಳ್ಳುತ್ತದೆ. ಕೂಡಲೇ ಸತ್ತಿತೆಂದಲ್ಲ, ಆದರೆ ಊಟ ಕೊಡುವವನು ಮನೆ ಬಿಟ್ಟು ಹೋಗಿರುತ್ತಾನೆ. ಎಷ್ಟು ದಿನ ಉಪವಾಸ ತಡೆದೀತು? ಸಮುದ್ರದಲ್ಲಿ ಇದನ್ನೇ ಬಿಸಿ ನೀರು ಮಾಡಿಸುತ್ತಿದೆ. 1998ರಲ್ಲಿ ಜಗತ್ತಿನ ಹವಳವೆಲ್ಲ ಬಿಳಚಿದಾಗ ನಮ್ಮ ನೆರೆಯ ಲಕ್ಷದ್ವೀಪವೂ ಬಿಳಚಿತ್ತು. ಅಂಥದೇ ನಾಲ್ಕನೇ ಸುತ್ತು ನಡೆದಿದೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. ಬಿಸಿಯ ಜೊತೆ ಬಿಸಿಲೂ ಸೇರಿದರೆ ಪೆಟ್ಟು ದೊಡ್ಡದು. ಹುಡುಗ ಇದನ್ನು ತಿಳಿದೇ ದೀಪ ಏರಿಸುವ ಕೆಲಸವನ್ನು ಬೇಸಿಗೆಯಲ್ಲಿ ಹಚ್ಚಿಕೊಳ್ಳದೆ ಮಳೆ ಹಿಡಿದ ಮೇಲೆ ಶುರು ಮಾಡಿದ್ದಾನೆ. ಕರೆಂಟು ಹೋಗಿ ನೀರು ಕಾಯುವ ಏಪ್ರಿಲ್ ತಿಂಗಳಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಇಟ್ಟುಕೊಂಡು ಕೂರುವುದೇ ಇವನಿಗೆ ಸಾಕಾಗಿ ಹೋಗಿರುತ್ತದೆ.

"ಆದ್ರೂ ಮೂವತ್ತು ಅಂದ್ರ ಭಾಳ ಮಂದ ಆತಲ್ಲೋ," ಎಂದೆ. ಓಣಿಯ ಪರವಾಗಿ ಮಾತಾಡುವವರು ಒಬ್ಬರಾದರೂ ಬೇಕಲ್ಲ.

ಆಗ ಅವನು ಹೇಳಿದ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಕಣ್ಣು ಚೆನ್ನಾಗಿ ಕಾಣುವುದು ಹಸಿರು ಹಳದಿ ಬೆಳಕನ್ನು. ನೀಲಿ ನಮಗೆ ಮಂಕು. ಪಾಚಿಗೆ ಮಾತ್ರ ನೀಲಿಯೇ ಮೃಷ್ಟಾನ್ನ, ಏಕೆಂದರೆ ಸಮುದ್ರದೊಳಗೆ ಕೆಂಪು ಬೆಳಕು ಮೇಲಿನ ಕೆಲವೇ ಮೀಟರಿನಲ್ಲಿ ಇಂಗಿಹೋಗಿ ಆಳಕ್ಕೆ ಇಳಿಯುವುದು ನೀಲಿ ಮಾತ್ರ. ಕಿಟಕಿಯಲ್ಲಿ ಇಣುಕಿದ ಓಣಿಗೆ ಮಂದವೆಂದು ಕಂಡದ್ದು ಕಲ್ಲಿನ ಮೇಲೆ ಕೂತವಕ್ಕೆ ಮಧ್ಯಾಹ್ನದ ಬಿಸಿಲಾಗಿರಬಹುದು. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಮೊಬೈಲಿನ ಲಕ್ಸ್ ಆ್ಯಪ್ ಕೂಡ ನೀಲಿಯ ಮುಂದೆ ತಪ್ಪು ಲೆಕ್ಕ ಕೊಡುತ್ತದೆ. ಸರಿಯಾಗಿ ಅಳೆಯಲು ಪಾರ್ ಮೀಟರ್ ಅಂತ ಬೇರೆಯೇ ಇದೆ, ಅದರ ಬೆಲೆಗೆ ಇನ್ನೊಂದು ದೀಪ ಬರುತ್ತದೆ. ಹಾಗಾಗಿ ಹವಳದ ಮುಖ ನೋಡಿಯೇ ನಡೆಯಬೇಕು: ಅರಳಿ ನಿಂತಿದೆಯೇ, ಮುದುಡಿದೆಯೇ, ಬಣ್ಣ ಇಳಿಯುತ್ತಿದೆಯೇ. ಮುದುಡಿ ಎರಡು ದಿನ ಹಾಗೇ ಇದ್ದರೆ ಏರಿಸಿದ್ದನ್ನು ಇಳಿಸಿ ಕಾಯುತ್ತಾನೆ. ಇಲ್ಲವಾದರೆ ವಾರಕ್ಕೆ ಐದರಂತೆ ಏರಿಕೆ.

ಬೆಳಕು ಕಡಿಮೆ ಹೆಚ್ಚು ಮಾಡುವ ಗುಂಡಿ ಇಲ್ಲದ ದೀಪವಾದರೆ? ದೀಪವನ್ನು ಎತ್ತರಕ್ಕೆ ಕಟ್ಟಿ ಬರಬರುತ್ತ ಇಳಿಸುವುದು ಒಂದು ದಾರಿ. ದೀಪಕ್ಕೂ ನೀರಿಗೂ ನಡುವೆ ಸೊಳ್ಳೆಪರದೆಯ ಬಟ್ಟೆ ನಾಲ್ಕು ಪದರ ಹಾಸಿ, ಕೆಲವು ದಿನಕ್ಕೊಂದರಂತೆ ತೆಗೆಯುವುದು ಇನ್ನೊಂದು.

ಪದರ ತೆಗೆಯುವ ಮಾತು ಬಂದಾಗ ನನಗೆ ಹುಡುಗನ ಮುಂದೆ ಸ್ವಲ್ಪ ಎದೆ ಸೆಟೆಸುವ ಅವಕಾಶ ಸಿಕ್ಕಿತು. ಮುಂಡಗೋಡ ಕಡೆ ನಮ್ಮ ಅಳಿಯನ ಅಡಿಕೆ ತೋಟವಿದೆ. ನೆರಳಲ್ಲಿ ಬೆಳೆದ ಸಸಿಯನ್ನು ಬಯಲಿಗೆ ತಂದು ನೆಡುವವರು ಮೊದಲು ಬಾಳೆ ಹಾಕುತ್ತಾರೆ, ಬಾಳೆಯ ನೆರಳಲ್ಲಿ ಅಡಿಕೆ ಗಟ್ಟಿಯಾಗಬೇಕು. ಮಳೆ ನಿಂತ ಮೇಲೆ ನೈಋತ್ಯದಿಂದ ಬೀಳುವ ಬಿಸಿಲು ಎಳೆಯ ಕಾಂಡಕ್ಕೆ ನೇರ ತಾಗಿದರೆ ಮೊದಲು ಹೊಂಬಣ್ಣದ ಮಚ್ಚೆ, ಆಮೇಲೆ ಕಂದು, ಕಡೆಗೆ ಸೀಳು. ಆ ಸೀಳಿಗೆ ಮದ್ದಿಲ್ಲ. ಮುಂದೆ ಗಾಳಿ ಬಂದಾಗ ಮರ ಅಲ್ಲಿಯೇ ಮುರಿಯುತ್ತದೆ. ಅದಕ್ಕೇ ಆ ಮಗ್ಗುಲಿಗೆ ಸುಣ್ಣ ಬಳಿಯುವುದು, ಹಾಳೆ ಕಟ್ಟುವುದು.

"ನಿಮಗ ಎಲ್ಲಾ ಗೊತ್ತೈತಲ್ರಿ ಕಾಕಾ! ಮತ್ತ ಓಣಿ ತುಂಬ ಪಾವ್ ಬೆಳಕು, ಪಾವ್ ಬೆಳಕು ಅಂತ ಯಾಕ ಅಡ್ಡಾಡ್ತೀರಿ?"

ನಾನು ಹೂವಿನ ಕಡೆ ನೋಡಿದೆ.

ಅವನ ಇನ್ನೊಂದು ಮಾತು ತೊಟ್ಟಿ ಇಟ್ಟವರೆಲ್ಲ ಕೇಳುವಂಥದು. ದೀಪ ಬದಲಿಸದಿದ್ದರೂ ಬೆಳಕು ಏರುವುದುಂಟಂತೆ. ಟ್ಯೂಬು ವರ್ಷವಿಡೀ ಉರಿದು ಮಂಕಾಗುತ್ತ ಬರುವುದು ಮನೆಯವರಿಗೆ ತಿಳಿಯುವುದೇ ಇಲ್ಲ. ಹವಳ ಆ ಮಂಕಿಗೇ ಒಗ್ಗಿರುತ್ತದೆ. ಅದೇ ಕಂಪನಿಯ, ಅದೇ ವ್ಯಾಟಿನ ಹೊಸ ಟ್ಯೂಬು ಹಾಕಿದರೂ ಅದಕ್ಕೆ ಹೊಡೆತ. ಮುಚ್ಚಳದ ಗಾಜಿನ ಮೇಲೆ ತಿಂಗಳುಗಟ್ಟಲೆ ಕೂತ ಉಪ್ಪಿನ ಪೊರೆಯನ್ನು ಹಬ್ಬದ ಉತ್ಸಾಹದಲ್ಲಿ ತಿಕ್ಕಿ ತೊಳೆದರೂ ಹಾಗೆಯೇ. ಹಳದಿಗಟ್ಟಿದ ನೀರಿಗೆ ಇದ್ದಿಲು ಹಾಕಿ ತಿಳಿ ಮಾಡಿದರೂ ಹಾಗೆಯೇ. ದೀಪಾವಳಿಗೆ ಮನೆ ತೊಳೆಯುವಾಗ ತೊಟ್ಟಿಯ ಮುಚ್ಚಳವನ್ನೂ ಫಳಫಳ ಮಾಡಿದ ತಾಯಿಗೆ ಇವನು ಸಿಟ್ಟು ಮಾಡಿದನೆಂದು ಓಣಿಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಈಗ ಕಾರಣ ತಿಳಿಯಿತು. ಸಿಟ್ಟು ಮಾಡಬಾರದಿತ್ತು ಎನ್ನುವುದು ಬೇರೆ ಮಾತು.

"ಅಂತೂ ನೂರು ಯಾವಾಗ ಮಾಡ್ತಿ?"

"ಮಾಡೂದಿಲ್ರಿ. ಈ ಜಾತಿಗೆ ಅಷ್ಟು ಬೇಕಾಗೂದಿಲ್ಲ. ಐವತ್ತೈದು ಅರವತ್ತಕ್ಕ ಬಂದ್ರ ಅಲ್ಲೇ ನಿಲ್ಲಸ್ತೀನಿ."

ಓಣಿಗೆ ಈ ವರದಿ ಒಪ್ಪಿಸುವುದು ಹೇಗೆಂದು ನನಗೆ ಚಿಂತೆಯಾಯಿತು. ಪಾವ್ ಬೆಳಕನ್ನಾದರೂ ಸಹಿಸಿದ್ದರು. ಕೊನೆಯವರೆಗೂ ಪೂರ್ತಿ ಹಚ್ಚುವುದೇ ಇಲ್ಲ, ಉಳಿದ ನಲವತ್ತು ಪಾಲು ಡಬ್ಬಿಯಲ್ಲೇ ಇರುತ್ತದೆ ಎಂದರೆ ಜನ ನನ್ನನ್ನೇ ಸಂಶಯದಿಂದ ನೋಡುತ್ತಾರೆ. ಆದರೆ ಒಳಗೆ ಹೋಗಿ ನೋಡಿದ್ದೇನೆ. ಕಂದಾಗಿದ್ದ ಗುಂಡಿಗಳ ಅಂಚಿನಲ್ಲಿ ಹಸಿರು ಹೊಳಪು ಬರುತ್ತಿದೆ, ನಡುವೆ ಕಿತ್ತಳೆಯ ಚುಕ್ಕೆ. ಉದ್ದ ಎಳೆದಿದ್ದ ಕುತ್ತಿಗೆ ಗಿಡ್ಡವಾಗಿ ಕಲ್ಲಿಗೆ ಅಂಟಿ ಕೂತಿವೆ. ಪೂರಾ ರೊಕ್ಕದ ಹಟ ನಮ್ಮದು, ಅವುಗಳದ್ದಲ್ಲ. ಈ ವ್ಯಾಜ್ಯದಲ್ಲಿ ನಾನು ಹುಡುಗನ ಕಡೆ.

ನೋಡಬೇಕೆನ್ನುವವರು ಸಂಜೆ ಐದರ ನಂತರ ಬರ್ರಿ, ದೀಪ ಹತ್ತಿರುತ್ತದೆ. ಚಹಾ ನಮ್ಮ ಮನೆಯಲ್ಲಿ. ನೀರಿಗೆ ಮಾತ್ರ ಕೈ ಹಾಕಬೇಡಿರಿ: ಜೊವಾಂಥಿಡ್‌ನ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಕಡುವಿಷವಿದೆ, ಕೈಯಲ್ಲಿ ಸಣ್ಣ ಗಾಯವಿದ್ದರೂ ಆಸ್ಪತ್ರೆಯ ದಾರಿ ಹಿಡಿಯಬೇಕಾದೀತು.