ಡಾಕ್ಯುಮೆಂಟೇಷನ್ ಸಾರ್

ಎನ್‌ಜಿಒ ಆಫೀಸಿನಲ್ಲಿ ದುಡ್ಡು ತರುವವರು ಒಬ್ಬರು, ಹಳ್ಳಿ ಸುತ್ತುವವರು ಇನ್ನೊಬ್ಬರು. ಇಬ್ಬರ ನಡುವೆ ಲ್ಯಾಪ್‌ಟಾಪ್ ತೆರೆದು ಕೂತವರೇ ಡಾಕ್ಯುಮೆಂಟೇಷನ್ ಸಾರ್. ಖಾದಿ ಜುಬ್ಬಾ, ಹೆಗಲಿಗೊಂದು ಜೋಳಿಗೆ, ಜೋಳಿಗೆಯೊಳಗೆ ಲಕ್ಷದ ಕ್ಯಾಮೆರಾ. ಸಂಸ್ಥೆ ಕಾಲಿಡುವ ಮುನ್ನ ಊರಿನಲ್ಲಿ ಕಗ್ಗತ್ತಲು, ಕಾಲಿಟ್ಟ ಮರುದಿನ ಸೂರ್ಯೋದಯ. ಇವರ ಯಶೋಗಾಥೆಗಳೆಲ್ಲ ಇದೇ ಅಚ್ಚಿನವು.

ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳಿದ ಮೇಲಂತೂ ಸಾರ್‌ಗೆ ಸುಗ್ಗಿ. ವರ್ಷವಿಡೀ ಫೋನೆತ್ತದ ಕಂಪನಿಯವರು ಮಾರ್ಚ್ ಬಂತೆಂದರೆ, ‘ಎರಡು ಸ್ಟೋರಿ ಕಳ್ಸಿ, ಫೋಟೊದಲ್ಲಿ ನಮ್ಮ ಲೋಗೊ ಕಾಣ್ಲಿ’ ಎಂದು ಗಂಟುಬೀಳುತ್ತಾರೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದಾಗ ಆಫೀಸಿನ ಅಟೆಂಡರ್ ಮನೆಗೆ ಹೋದ. ಸಾರ್ ಸಂಬಳ ಸದ್ದಿಲ್ಲದೆ ‘ಕಾರ್ಯಕ್ರಮ ವೆಚ್ಚ’ದ ಕಾಲಂಗೆ ದಾಟಿತು. (ಕತೆ ಕಟ್ಟುವುದೂ ಕಾರ್ಯಕ್ರಮವೇ, ಅಲ್ಲವೆನ್ನಲು ನಾವ್ಯಾರು?)

ಹೊಲಿಗೆ ಮಿಷನ್ ಪಡೆದ ಹೆಂಗಸಿನ ಕತೆಗೆಂದು ಸಾರ್ ಲಿಂಗಸುಗೂರು ಕಡೆಯ ಒಂದು ಹಳ್ಳಿಗೆ ಹೋದರು.

“ಮಿಷನ್ ಬರೋ ಮುಂಚೆ ತುಂಬಾ ಕಷ್ಟ ಇತ್ತಲ್ವಾ, ಅಕ್ಕಾ?”

“ಮೊದ್ಲೂ ಒಂದು ಇತ್ರೀ. ಹೊಲಿಯಾಕ ಹತ್ತಿ ಹತ್ತು ವರ್ಸಾತು. ನೀವು ಕೊಟ್ಟಿದ್ದು ನಮ್ಮ ನಾದ್ನಿ ತುಳಿತಾಳ.”

ಸಾರ್ ಮುಖ ಬಾಡಿತು. “ಯಜಮಾನ್ರು ಕುಡೀತಾರಾ?” ಎಂದು ಆಸೆಯಿಂದ ಕೇಳಿದರು.

“ಇಲ್ರೀ, ಟಂಟಂ ಹೊಡಿತಾರ. ಅಯ್ಯಪ್ಪನ ಮಾಲಿ ಹಾಕ್ಯಾರ, ಚಾ ಸೈತ ಮುಟ್ಟಂಗಿಲ್ಲ.”

ಕುಡಿಯದ ಗಂಡನನ್ನು ನಂಬಿಕೊಂಡು ಒಂದೂವರೆ ಪುಟ ತುಂಬಿಸುವುದಾದರೂ ಹೇಗೆ?

“ಮಿಷನ್ ಸಾಕ್ರೀ ಸರ,” ಎಂದಳು ಆಕೆ. “ಸಾಲಿ ಹುಡುಗ್ರ ಯೂನಿಫಾರ್ಮ್ ಹೊಲಿಯೂ ಕೆಲಸ ನಮ್ಮ ಸಂಘಕ್ಕ ಕೊಡಸ್ರೀ. ಎಲ್ಲಾ ಪ್ಯಾಟಿ ಟೇಲರ್ ಒಯ್ತಾನ. ನೀವು ಮಾತಾಡಿದ್ರ ಕೇಳ್ತಾರ.”

ನನ್ನ ಮಟ್ಟಿಗೆ ಕತೆ ಇದೇ. ಸಾರ್ ಮಾತ್ರ ಪೆನ್ನಿನ ಕ್ಯಾಪ್ ಹಾಕಿದರು. ಫಾರ್ಮ್ಯಾಟ್‌ನಲ್ಲಿ ಆಕೆ ಕೃತಜ್ಞತೆ ಹೇಳಬೇಕಾದ ಜಾಗದಲ್ಲಿ ಇವರಿಗೇ ಕೆಲಸ ಹಚ್ಚುತ್ತಿದ್ದಳು.

ಫೋಟೊ ಎಂದ ಕೂಡಲೇ ಆಕೆ ಒಳಗೆ ಹೋಗಿ, ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಳು. “ಹಳೇದು ಯಾವುದೂ ಇಲ್ವಾ, ಅಕ್ಕಾ?” ಎಂದರು ಸಾರ್. ನಗಬೇಡಿ ಎಂದೂ ಹೇಳಿದರು. ಅದಕ್ಕೆ ಆಕೆ ಇನ್ನಷ್ಟು ನಕ್ಕಳು.

ವರದಿ ಬೆಂಗಳೂರಿನ ಹೋಟೆಲೊಂದರಲ್ಲಿ ಇಂಗ್ಲಿಷಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಅಯ್ಯಪ್ಪನ ಮಾಲೆಯ ಗಂಡ ಹಗಲಿರುಳೂ ಕುಡಿಯುತ್ತಿದ್ದ. ಆಕೆಯ ಮಾನ ಕಾಪಾಡಲು ಹೆಸರು ಬದಲಿಸಲಾಗಿದೆ ಎಂದು ಅಡಿಟಿಪ್ಪಣಿ. ಪಕ್ಕದಲ್ಲೇ ಪುಟದ ತುಂಬ ಆಕೆಯ ಮುಖ.

ಮರುವರ್ಷ ಮಾರ್ಚ್‌ನಲ್ಲಿ ಸಾರ್ ಕಂಪನಿಯವರನ್ನೇ ಕರೆದುಕೊಂಡು ಹೋದರು. ಆಕೆ ಹಳೇ ಸೀರೆಯಲ್ಲೇ ಕಟ್ಟೆಯ ಮೇಲೆ ಕೂತಿದ್ದಳು.

“ಯಾವ ಕತಿ ಹೇಳ್ಲಿ ಸರ? ಬ್ಯಾಂಕಿನವ್ರಿಗೆ ಹೇಳೂದು ಬ್ಯಾರೆ ಐತಿ. ಅದರಾಗ ನಾ ಭಾಳ ಗಳಸ್ತೀನಿ.”

“ನಮ್ಮದು, ನಮ್ಮದು,” ಎಂದು ಸಾರ್ ಪಿಸುಗುಟ್ಟಿದರು.

“ಆತು. ಅರ್ಧ ದಿನ ಹೊಕ್ಕೈತಿ, ಅಂದ್ರ ನಾಕು ಜಂಪರಿನ ಹೊಲಿಗಿ. ಆ ರೊಕ್ಕ ಯಾವ ಕಾಲಮ್ಮಿನ್ಯಾಗ ಹಾಕ್ತೀರಿ?”