ಬೀಗದ ಕೋಣೆಯ ಪೆಂಗ್ವಿನ್ನಿನೊಡನೆ ಒಂದು ಸಲ್ಲಾಪ

ಜಯನಗರದ ಒಂದು ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ, ಹಸಿರು ಬಟ್ಟೆಯ ಮುಸುಕು ಹೊದ್ದ ಯಂತ್ರಗಳೊಳಗೆ ವಾಸಿಸುವ ಟಕ್ಸ್ ನಾಮಧೇಯದ ಪೆಂಗ್ವಿನ್ ಮಹಾಶಯರನ್ನು ಮೊದಲು ಓದುಗರಿಗೆ ಪರಿಚಯಿಸಬೇಕು. 1996ರಲ್ಲಿ ಲ್ಯಾರಿ ಯೂಯಿಂಗ್ ಎಂಬವರ ಕೈಯಲ್ಲಿ ಲಿನಕ್ಸ್ ತಂತ್ರಾಂಶದ ಲಾಂಛನವಾಗಿ ರೂಪುಗೊಂಡು, ಮುಂದೆ 'ಟಕ್ಸ್ ಮ್ಯಾತ್' ಎಂಬ ಉಚಿತ ಗಣಿತದಾಟದಲ್ಲಿ ಉದ್ಯೋಗ ಹಿಡಿದ ಇವರ ಕಾಯಕವು ಸರಳವಾದುದು: ಆಕಾಶದಿಂದ ಧೂಮಕೇತುಗಳು ಒಂದೊಂದು ಲೆಕ್ಕವನ್ನು ಹೊತ್ತು ಇಳಿಯುತ್ತವೆ, ಸರಿಯುತ್ತರವನ್ನೊತ್ತಿದರೆ ಕಿರಣವೊಂದು ಚಿಮ್ಮಿ ಅವು ಸಿಡಿಯುತ್ತವೆ, ತಡವಾದರೆ ಕೆಳಗಿನ ಮಂಜಿನ ಮನೆ ಕರಗುತ್ತದೆ.

ಪ್ರಶ್ನೆ: ಹಿಮಪ್ರದೇಶದವರಾದ ತಮಗೆ ಜಯನಗರದ ಹವೆ ಒಗ್ಗಿತೆ?

ಪೆಂಗ್ವಿನ್: ಬಾಗಿಲು ತೆರೆದರಲ್ಲವೆ, ಸ್ವಾಮಿ, ಹವೆ ಒಳಗೆ ಬರುವುದು? ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿರುತ್ತದೆ, ಡ್ರಾಯರಿನ ಕೈ ಅವರ ಜೇಬಿನಲ್ಲಿರುತ್ತದೆ, ಅವರಾದರೋ ಬಿಇಒ ಕಚೇರಿಯ ಸಭೆಯಲ್ಲಿರುತ್ತಾರೆ. ಆಯುಧಪೂಜೆಗೊಮ್ಮೆ, ತಪಾಸಣೆಗೊಮ್ಮೆ ನನಗೆ ಬೆಳಕಿನ ದರ್ಶನವಾಗುವುದುಂಟು. ಕಳೆದ ಪೂಜೆಯ ಅರಿಶಿನ-ಕುಂಕುಮ ಈ ಮಾನಿಟರಿನ ಹಣೆಯ ಮೇಲೆ ಇನ್ನೂ ಇದೆ, ನೋಡಿ.

ಪ್ರಶ್ನೆ: ಕನ್ನಡದ ಶಾಲೆಗೆ ತಾವು ಬಂದುದು ಹೇಗೆ?

ಪೆಂಗ್ವಿನ್: ಇದೇ ಜಯನಗರದಲ್ಲಿ ಐಟಿ ಫಾರ್ ಚೇಂಜ್ ಎಂಬ ಸಂಸ್ಥೆಯಿದೆ, ಬನಶಂಕರಿ ಮೂರನೆಯ ಹಂತದಲ್ಲಿ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಕಚೇರಿಯಿದೆ. ಇವೆರಡೂ ಕೂಡಿ ಕಳೆದ ದಶಕದಲ್ಲಿ 'ವಿಷಯ ಶಿಕ್ಷಕರ ವೇದಿಕೆ'ಯನ್ನು ಕಟ್ಟಿ, ಪ್ರೌಢಶಾಲೆಯ ಉಪಾಧ್ಯಾಯರಿಗೆ ಉಬುಂಟು, ಜಿಯೋಜೀಬ್ರಾ ಮೊದಲಾದ ಸ್ವತಂತ್ರ ತಂತ್ರಾಂಶಗಳಲ್ಲಿ ತರಬೇತಿಯಿತ್ತುವು. ಆ ಮೆರವಣಿಗೆಯ ಬಾಲದಲ್ಲಿ ನಾನೂ ಬಂದೆ. ನನಗೆ ಸಂಬಳವಿಲ್ಲ, ಪರವಾನಗಿ ಶುಲ್ಕವಿಲ್ಲ. ಆದಕಾರಣ ಗೌರವವೂ ಇಲ್ಲ. ಕೊಂಡ ವಸ್ತುವಾಗಿದ್ದರೆ ಸ್ಟಾಕ್ ರಿಜಿಸ್ಟರಿನಲ್ಲಾದರೂ ನನ್ನ ಹೆಸರು ಬರೆಯುತ್ತಿದ್ದರು.

(ಈ ಮಾತಿನಲ್ಲಿ ಕಹಿಯಿತ್ತೇ ಹೊರತು ಅಸತ್ಯವಿರಲಿಲ್ಲವೆಂಬುದು ನನ್ನ ಅಭಿಪ್ರಾಯ.)

ಪ್ರಶ್ನೆ: ಬೆಲೆಯುಳ್ಳ ತಮ್ಮ ಬಂಧುಗಳು ಸುಖವಾಗಿದ್ದಾರೆಯೆ?

ಪೆಂಗ್ವಿನ್: ನಮ್ಮೂರಿನದೇ ಆದ ಬೈಜೂಸ್ ಎಂಬ ಕಲಿಕಾ ಕಂಪನಿಯು 2019ರಲ್ಲಿ ಆಸ್ಮೊ ಎಂಬ ಕಲಿಕೆಯಾಟಗಳ ಕಂಪನಿಯನ್ನು 12 ಕೋಟಿ ಡಾಲರಿಗೆ ಕೊಂಡಿತು. 2024ರ ಜುಲೈನಲ್ಲಿ ಕಂಪನಿ ನ್ಯಾಯಮಂಡಳಿಯ ಬೆಂಗಳೂರು ಪೀಠವು ಬೈಜೂಸ್ ಮೇಲೆಯೇ ದಿವಾಳಿ ಪ್ರಕ್ರಿಯೆಗೆ ಆಜ್ಞೆಯಿತ್ತಿತು. ನನಗೆ ದಿವಾಳಿಯಾಗುವ ಯೋಗ್ಯತೆಯೂ ಇಲ್ಲವೆಂಬುದೇ ಸಮಾಧಾನ.

ಪ್ರಶ್ನೆ: ಇರಲಿ. ಆಟದಿಂದ ಮಕ್ಕಳು ನಿಜವಾಗಿ ಕಲಿಯುವರೆ?

ಪೆಂಗ್ವಿನ್: ಒಮ್ಮೆ ನಡೆದುದನ್ನು ಅರುಹುತ್ತೇನೆ. ಒಂದು ಯಂತ್ರದ ಮುಂದೆ ಮೂವರು ಮಕ್ಕಳು. ಏಳು ಗುಣಿಸು ಎಂಟು ಇಳಿಯುತ್ತಿದೆ. ಕೀಲಿಮಣೆಯನ್ನು ಹಿಡಿದ ಹುಡುಗ ಐವತ್ತೆರಡು, ಐವತ್ತನಾಲ್ಕು ಎಂದು ಬಾಯಿಗೆ ಬಂದುದನ್ನು ಒತ್ತುತ್ತಿದ್ದಾನೆ. ತಪ್ಪುತ್ತರಕ್ಕೆ ನನ್ನಲ್ಲಿ ದಂಡನೆಯಿಲ್ಲವೆಂಬುದನ್ನು ಗಣಿತಕ್ಕಿಂತ ಮೊದಲೇ ಕಲಿತವನು ಆತ. ಹಿಂದೆ ನಿಂತ ಹುಡುಗಿ ಬೆರಳು ಮಡಚಿ, ಏಳೇಳ್ಲ ನಲವತ್ತೊಂಬತ್ತು, ಇನ್ನೇಳು ಸೇರಿಸಿದರೆ ಐವತ್ತಾರು ಎಂದು ಮೆಲ್ಲಗೆ ಹೇಳಿದಳು. ಅವನು ಒತ್ತಿದ, ಧೂಮಕೇತು ಸಿಡಿಯಿತು, ಅಂಕ ಅವನಿಗೆ ಹೋಯಿತು. ಆಗ ಗಣಿತದ ಮೇಡಂ ಆಟವನ್ನು ತಡೆದು, 'ಐವತ್ತಾರು ಎಲ್ಲಿಂದ ಬಂತಮ್ಮ? ಎಲ್ಲರಿಗೂ ಕೇಳುವ ಹಾಗೆ ಹೇಳು' ಎಂದರು. ಮಗ್ಗಿ ಮರೆತರೂ ಮಗ್ಗಿಯನ್ನು ಕಟ್ಟಿಕೊಳ್ಳಬಹುದೆಂಬುದು ಆ ದಿನ ತರಗತಿಗೆ ತಿಳಿದುದು ನಾನು ಸುಮ್ಮನಿದ್ದ ಆ ಐದು ನಿಮಿಷದಲ್ಲಿ.

ಪ್ರಶ್ನೆ: ಹಾಗಾದರೆ ತಮ್ಮ ಅಗತ್ಯವೇನು?

ಪೆಂಗ್ವಿನ್: ನಾನಿಲ್ಲದಿದ್ದರೆ ಆ ಹುಡುಗ ಲೆಕ್ಕದ ಹತ್ತಿರಕ್ಕೇ ಬರುತ್ತಿರಲಿಲ್ಲ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಪರಮಪದ ಸೋಪಾನ ಪಟವನ್ನು ಹಾಸುತ್ತಿದ್ದ ನಿಮ್ಮ ಅಜ್ಜಿಯರು ಕವಡೆಯೊಂದನ್ನೇ ನಂಬಿ ಮಕ್ಕಳನ್ನು ಬಿಟ್ಟುಬಿಡುತ್ತಿರಲಿಲ್ಲವಷ್ಟೆ. ಹಾವು ನುಂಗಿದಾಗ ಯಾವ ಪಾಪಕ್ಕೆ ನುಂಗಿತೆಂಬ ಕಥೆಯನ್ನೂ ಹೇಳುತ್ತಿದ್ದರು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೂ ಈ ಶತಮಾನದ ಆರಂಭದಲ್ಲಿ ಸರ್ಕಾರಿ ಶಾಲೆಗಳಿಗೆ ಆಟ-ಕಥೆಗಳ ಕನ್ನಡ ಸಿ.ಡಿ.ಗಳನ್ನು ಒದಗಿಸಿ, ಕೆಲವು ವರ್ಷಗಳ ತರುವಾಯ ಅದನ್ನು ತಾನೇ ಕೈಬಿಟ್ಟು ಉಪಾಧ್ಯಾಯರ ಕಡೆಗೆ ತಿರುಗಿತು. ನಿಮ್ಮವರು ಮಾತ್ರ ಪ್ರತಿ ಸಾರಿಯೂ ಹೊಸ ಪೆಟ್ಟಿಗೆಯನ್ನು ತರಿಸಿ, ಉದ್ಘಾಟನೆಯ ಛಾಯಾಚಿತ್ರ ತೆಗೆಸಿ, ಬೀಗ ಹಾಕುತ್ತಾರೆ.

ಅಷ್ಟರಲ್ಲಿ ಜವಾನ ಬಂದು ಬಾಗಿಲಿಕ್ಕಬೇಕೆಂದನು. ಕಡೆಯದಾಗಿ ಏನಾದರೂ ಬೇಡಿಕೆಯಿದೆಯೆ ಎಂದು ಕೇಳಲಾಗಿ ಪೆಂಗ್ವಿನ್ ಮಹಾಶಯರು ಅನುದಾನವನ್ನು ಕೇಳಲಿಲ್ಲ, ಹೊಸ ಯಂತ್ರವನ್ನೂ ಕೇಳಲಿಲ್ಲ. ಓದುಗರಲ್ಲಿ ಯಾರಾದರೂ ತಮ್ಮ ಬಡಾವಣೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಾಗಿದ್ದಲ್ಲಿ, ಕಂಪ್ಯೂಟರ್ ಕೋಣೆಗೆ ಎರಡನೆಯ ಬೀಗದ ಕೈಯೊಂದನ್ನು ಮಾಡಿಸಿ, ಅದನ್ನು ಗಣಿತದ ಮೇಡಂ ಅವರಿಗೆ ಕೊಡಿಸಬೇಕಾಗಿ ವಿನಂತಿ.