ಕಿಟಕಿ ಕಟ್ಟುವ ಮಹನೀಯರಿಗೆ ಇಳಕಲ್ಲಿನಿಂದ ಒಂದು ಬಹಿರಂಗ ಪತ್ರ

ಜಿಟಿಕೆ, ಕ್ಯೂಟಿ, ಜಾವಾ ಸ್ವಿಂಗ್, ಎಲೆಕ್ಟ್ರಾನ್ ಮೊದಲಾಗಿ ಆ್ಯಪ್‌ಗಳ ಕಿಟಕಿ, ಗುಂಡಿ ಕಟ್ಟಿಕೊಡುವ ಸಮಸ್ತ ಟೂಲ್‌ಕಿಟ್ ಮನೆತನಗಳ ಹಿರಿಯರಿಗೆ ಶರಣು ಶರಣಾರ್ಥಿ.

ಇತ್ತ ಎಲ್ಲ ಕ್ಷೇಮ. ನಿಮ್ಮ ಕ್ಷೇಮ ಬೇರೆ ಕೇಳುವುದಿಲ್ಲ. ನೀವು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂಬುದು ನನ್ನ ಪರದೆಯ ಮೇಲೆ ದಿನಾ ಕಾಣುತ್ತದೆ. ನಾನು ಸೀರೆ ದಡಿಯ ನಕ್ಷೆ ಬಿಡಿಸಿ, ಬಿಲ್ಲು ಬರೆದು, ಪ್ರಿಂಟ್ ಕೊಡುವವನು. ಕಂಪ್ಯೂಟರು ಲಿನಕ್ಸಿನದು. ಬಿಲ್ಲಿನ ಕಿಟಕಿ ಹಾಲಿನಷ್ಟು ಬಿಳಿ, ನಕ್ಷೆಯ ಕಿಟಕಿ ಅಮಾವಾಸ್ಯೆ, ಫೈಲ್ ಹುಡುಕಲು ತೆರೆದುಕೊಳ್ಳುವ ಪೆಟ್ಟಿಗೆ ಹಳೆಯ ಕಚೇರಿ ಗೋಡೆಯ ಬೂದು. ಕಾಸು ಕೊಟ್ಟು ಕೊಂಡವರೂ ಸುಖವಾಗಿಲ್ಲ ಎಂಬುದೊಂದೇ ಸಮಾಧಾನ: ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ಒಂದು ಅವತಾರ, ಕಂಟ್ರೋಲ್ ಪ್ಯಾನೆಲ್ ಇನ್ನೊಂದು.

ಬಣ್ಣ ಹೋಗಲಿ, ಗುಂಡಿಗಳ ಕಥೆಗೆ ಬರೋಣ. ಜಿಟಿಕೆ ಬಳಸುವ ಗ್ನೋಮ್ ಡೆಸ್ಕ್‌ಟಾಪಿನ ಸಂಪ್ರದಾಯದಲ್ಲಿ ಒಪ್ಪಿಗೆಯ ಗುಂಡಿ ಬಲತುದಿಗೆ. ಕ್ಯೂಟಿ ಬಳಸುವ ಕೆಡಿಇ ಡೆಸ್ಕ್‌ಟಾಪಿನ ಸಂಪ್ರದಾಯದಲ್ಲಿ ‘ಸರಿ’ ಮೊದಲು, ‘ರದ್ದು’ ಆಮೇಲೆ. ಆಚಾರಭೇದ ನಮಗೇನೂ ಹೊಸದಲ್ಲ; ಒಬ್ಬರು ಅಡ್ಡ ವಿಭೂತಿ, ಇನ್ನೊಬ್ಬರು ಉದ್ದ ನಾಮ. ಆದರೆ ಗಿರಾಕಿ ಎದುರಿಗೆ ಕೂತು ಅವಸರ ಮಾಡುವಾಗ ಕೈಬೆರಳಿಗೆ ಯಾವ ದೀಕ್ಷೆ ಕೊಡಿಸಲಿ?

ಎಲ್ಲವನ್ನೂ ಒಂದೇ ಬಣ್ಣಕ್ಕೆ ತರಲು ದಾರಿ ಇದೆ ಅನ್ನುತ್ತೀರಿ. ಇದೆ. ಜಿಟಿಕೆ 2ಕ್ಕೆ ಒಂದು ಕಡತ, 3ಕ್ಕೆ ಬೇರೆ ಕಡತ, 4ಕ್ಕೆ ಮತ್ತೊಂದು. ಕ್ಯೂಟಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್. ಜಾವಾದ ‘ಲುಕ್ ಅಂಡ್ ಫೀಲ್’ಗೆ ಪ್ರತ್ಯೇಕ ಮನವಿ. ಫ್ಲಾಟ್‌ಪ್ಯಾಕ್ ಎಂಬ ಪೊಟ್ಟಣದಲ್ಲಿ ಬಂದ ಆ್ಯಪ್‌ಗೆ ಮನೆಯಲ್ಲಿ ಹಾಕಿಕೊಂಡ ಥೀಮು ಕಣ್ಣಿಗೇ ಬೀಳುವುದಿಲ್ಲ. ಅದೇ ಥೀಮನ್ನು ಫ್ಲಾಟ್‌ಪ್ಯಾಕ್ ರೂಪದಲ್ಲಿ ಇನ್ನೊಮ್ಮೆ ತರಿಸಬೇಕು. ಎಲೆಕ್ಟ್ರಾನ್ ಸಾಹೇಬರು ಅರ್ಜಿಯನ್ನೇ ಮುಟ್ಟುವುದಿಲ್ಲ, ಬರುವಾಗಲೇ ಇಡೀ ಬ್ರೌಸರನ್ನು ಹೆಗಲ ಮೇಲೆ ಹೊತ್ತು ತಂದಿರುತ್ತಾರೆ. ಜಾತಿ-ಆದಾಯ ಪ್ರಮಾಣಪತ್ರಕ್ಕೂ ಇಷ್ಟು ಅರ್ಜಿ ಬೇಡ.

ನಿಮ್ಮ ಮನೆತನಗಳ ಜಗಳದ ಚರಿತ್ರೆಯನ್ನೂ ಓದಿಕೊಂಡಿದ್ದೇನೆ. 2002ರಲ್ಲಿ ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸ್ 8.0ರಲ್ಲಿ ‘ಬ್ಲೂಕರ್ವ್’ ಎಂಬ ಒಂದೇ ಅಂಗಿಯನ್ನು ಗ್ನೋಮ್‌ಗೂ ಕೆಡಿಇಗೂ ತೊಡಿಸಿತು. ನಮ್ಮ ಗುರುತೇ ಹೋಯಿತೆಂದು ಕೆಡಿಇ ಕಡೆಯವರು ಸಿಡಿದೆದ್ದರು. 2019ರ ಮೇನಲ್ಲಿ ಗ್ನೋಮ್ ಆ್ಯಪ್ ಕಟ್ಟುವವರ ಗುಂಪೊಂದು ದಯವಿಟ್ಟು ನಮ್ಮ ಆ್ಯಪ್‌ಗಳಿಗೆ ನಿಮ್ಮ ಥೀಮು ಬಳಿಯಬೇಡಿ ಎಂದು ಲಿನಕ್ಸ್ ಹಂಚುವವರಿಗೆ ಬರೆದುಕೊಂಡಿತು. ಅದೂ ಬಹಿರಂಗ ಪತ್ರವೇ, ಆದ್ದರಿಂದ ಈ ಸಾಹಿತ್ಯ ಪ್ರಕಾರ ನಿಮಗೆ ಪರಿಚಿತ. ಅವರ ಸಂಕಟ ಸುಳ್ಳಲ್ಲ. ಪರರ ಥೀಮು ಬಿದ್ದರೆ ಕಪ್ಪಿನ ಮೇಲೆ ಕಪ್ಪು ಅಕ್ಷರ ಮೂಡುತ್ತದೆ, ಐಕಾನು ಮಾಯವಾಗುತ್ತದೆ, ಬೈಗುಳ ಮಾತ್ರ ಆ್ಯಪ್ ಕಟ್ಟಿದವನ ಪಾಲಿಗೆ. ಕೊನೆಗೆ 2021ರ ಡಿಸೆಂಬರ್ 31ರಂದು ಗ್ನೋಮ್ ಆ್ಯಪ್‌ಗಳಿಗೆಂದೇ ಲಿಬ್‌ಅದ್ವೈತ 1.0 ಬಂತು, ಬಣ್ಣದ ಡಬ್ಬಿಗೆ ಬೀಗ ಬಿತ್ತು. ಹೆಸರಿಗೆ ಅದ್ವೈತ, ಪಕ್ಕದ ಕ್ಯೂಟಿ ಕಿಟಕಿಯೊಂದಿಗೆ ಶುದ್ಧ ದ್ವೈತ.

ಎಲ್ಲವೂ ಒಂದೇ ರೂಪಕ್ಕೆ ಬರಲಿ ಎಂದು ನಾನೂ ಕೇಳುತ್ತಿಲ್ಲ ಸ್ವಾಮಿ. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿಗೆ ಬನ್ನಿ. ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಗೆ ದ್ರಾವಿಡ ವಿಮಾನ. ಹತ್ತಿರದಲ್ಲೇ ಗಳಗನಾಥ, ಕಾಶಿ ವಿಶ್ವನಾಥಕ್ಕೆ ರೇಖಾನಾಗರ ಶಿಖರ. ಪಾಪನಾಥದಲ್ಲಿ ಎರಡೂ ಬೆರಕೆ. ಥೀಮ್ ಭಕ್ತರು ಚಾಲುಕ್ಯರ ಕಾಲದಲ್ಲಿದ್ದಿದ್ದರೆ ‘ಶಿಖರಗಳಲ್ಲಿ ಏಕರೂಪತೆ ಇಲ್ಲ’ ಎಂದು ದೂರು ದಾಖಲಿಸಿ, ಎಲ್ಲಕ್ಕೂ ಒಂದೇ ಗಾರೆ ಮೆತ್ತಿಸುತ್ತಿದ್ದರು. ಯುನೆಸ್ಕೊ ಆ ಬೆರಕೆಯನ್ನೇ ಮೆಚ್ಚಿ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಒಂದು ಮಾತು: ಶಿಖರ ಯಾವುದೇ ಇರಲಿ, ಆ ಗುಡಿಗಳೆಲ್ಲ ಪೂರ್ವಕ್ಕೇ ಮುಖ ಮಾಡಿವೆ. ಮಂಟಪ ದಾಟಿದ ಮೇಲೇ ಗರ್ಭಗುಡಿ. ‘ಸರಿ’ ಇದ್ದಲ್ಲಿ ‘ರದ್ದು’ ಇಟ್ಟು ಭಕ್ತರನ್ನು ಯಾವ ಶಿಲ್ಪಿಯೂ ಗೋಳು ಹೊಯ್ದುಕೊಂಡಿಲ್ಲ.

ಇನ್ನು ನಮ್ಮೂರ ಸೀರೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ದಡಿ ಗೋಮಿಯೋ ಪರಾಸಪೇಟಿಯೋ ಗಾಡಿಯೋ, ಉಡುವವರ ಇಷ್ಟ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಆ ಎಳೆಯ ಕುಣಿಕೆಗೆ ಈ ಎಳೆಯ ಕುಣಿಕೆ ತೊಡಿಸುತ್ತ ಎರಡನ್ನೂ ಜೋಡಿಸುತ್ತಾರೆ. ಹಾಗಾಗಿ ‘ತೋಪುತೆನೆ’ ಎಂಬ ನಮ್ಮ ವಿನ್ಯಾಸದ ಸೆರಗು ಬೇಕೆಂದರೆ ಹಾಸನ್ನು ಒಂದೊಂದೇ ಸೀರೆಯ ಅಳತೆಗೆ ಹೂಡಬೇಕು. ತಾಳ್ಮೆ ಬೇಡುವ, ಕೂಲಿಗೆ ತಕ್ಕ ಲಾಭ ಕಾಣದ ಕೆಲಸ. ಆದರೂ ಹತ್ತಿಗೆ ನೀನು ರೇಷ್ಮೆಯಾಗು ಎಂದು ಯಾರೂ ಜುಲುಮೆ ಮಾಡಿಲ್ಲ. ನನ್ನ ಬ್ರ್ಯಾಂಡು ಕೆಡುತ್ತದೆ ಎಂದು ರೇಷ್ಮೆ ಕುಣಿಕೆ ಬಿಚ್ಚಿಕೊಂಡು ಹೋಗಿಲ್ಲ. ಇದೇ ಸೀರೆಯನ್ನು ನೀವು ನೇಯ್ದಿದ್ದರೆ ಒಡಲು, ದಡಿ, ಸೆರಗು ಮೂರನ್ನೂ ಮೂರು ಪೊಟ್ಟಣದಲ್ಲಿ ಕೊಟ್ಟು, ‘ಜೋಡಿಸಿಕೊಳ್ಳುವುದು ಬಳಕೆದಾರರ ಹೊಣೆ’ ಎಂದು ಚೀಟಿ ಅಂಟಿಸುತ್ತಿದ್ದಿರಿ.

ನಿಮ್ಮಲ್ಲೂ ಕುಣಿಕೆ ಹಾಕಬಲ್ಲವರು ಇದ್ದಾರೆ. ಫ್ರೀಡೆಸ್ಕ್‌ಟಾಪ್ ಒಪ್ಪಂದದ ಪ್ರಕಾರ ಕತ್ತಲು ಬೇಕೋ ಬೆಳಕು ಬೇಕೋ ಎಂದು ಆ್ಯಪ್ ಕೇಳುತ್ತದೆ, ಡೆಸ್ಕ್‌ಟಾಪ್ ಒಂದು ಅಂಕಿ ಹೇಳುತ್ತದೆ: 0 ಎಂದರೆ ನಿನ್ನಿಷ್ಟ, 1 ಎಂದರೆ ಕತ್ತಲು, 2 ಎಂದರೆ ಬೆಳಕು. 2022ರ ಗ್ನೋಮ್ 42 ಇದನ್ನು ಅಳವಡಿಸಿಕೊಂಡಿತು, ಕೆಡಿಇಯೂ ಅದೇ ಅಂಕಿ ಹೇಳುತ್ತದೆ. ಇಷ್ಟು ವರ್ಷ ಕಾದಾಡಿದ ಮೇಲೆ ಹಗಲು ಯಾವುದು, ರಾತ್ರಿ ಯಾವುದು ಎಂಬಲ್ಲಿಗೆ ಒಮ್ಮತ ಬಂದಿದೆ. ಅಭಿನಂದನೆಗಳು.

ಈಗ ಅಕ್ಷರದ ವಿಷಯ. ನಿಮ್ಮ ಚೆಂದದ ಥೀಮುಗಳಲ್ಲಿ ಎಷ್ಟೋ ಗುಂಡಿಗಳ ಎತ್ತರ ಇಂಗ್ಲಿಷಿನ ಅಳತೆಗೆ ಹೊಲಿದದ್ದು. ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದ ಬಚಾವು, ಒತ್ತಿಲ್ಲದ ಪುಣ್ಯವಂತ ಊರುಗಳು. ಇಳಕಲ್ಲ, ಪಟ್ಟದಕಲ್ಲು, ಗುಳೇದಗುಡ್ಡ ಬರೆದು ನೋಡಿ, ಕಾಲು ಕತ್ತರಿಸಿ ಹೋಗಿರುತ್ತದೆ. ಗುಂಡಿಯ ಮೂಲೆ ಎಷ್ಟು ದುಂಡಗಿರಬೇಕೆಂದು ವರ್ಷಗಟ್ಟಲೆ ಚರ್ಚಿಸುವ ನಿಮಗೆ ಇದು ಕಾಣದೆ ಹೋದದ್ದು ಹೇಗೆ?

ನಮ್ಮೂರ ವಿಜಯಮಹಾಂತೇಶ್ವರ ಮಠದ ಮಹಾಂತ ಸ್ವಾಮಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ, ಕಾಸು ಕೇಳದೆ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದವರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅಂಥದ್ದೇ ಜೋಳಿಗೆಯನ್ನು ನಿಮ್ಮ ಮುಂದೆ ಒಡ್ಡಿದ್ದೇನೆ. ಬಣ್ಣ, ನೆರಳು, ದುಂಡುಮೂಲೆ ಎಲ್ಲ ನಿಮಗೇ ಇರಲಿ. ಗುಂಡಿಯ ಜಾಗ ಬದಲಿಸುವ ಚಟ, ಅಕ್ಷರದ ಕಾಲು ಕತ್ತರಿಸುವ ಚಟ, ಇವೆರಡನ್ನು ಇದರಲ್ಲಿ ಹಾಕಿ.

ಇಂತಿ,
ಇಳಕಲ್ಲಿನ ಒಬ್ಬ ನಕ್ಷೆಗಾರ

ತಾ.ಕ.: ಉತ್ತರ ಬರೆಯುವುದಾದರೆ ದಯವಿಟ್ಟು ಕಪ್ಪು ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಬೇಡ.